ಸಂದಿಗ್ಧ ಬಿಂದು: ಹಿಗ್ಗುವ ದ್ರವ್ಯದ ಏರಿಳಿತಗಳು

ನೀರು ಕುದಿಯುವಾಗ ದ್ರವ ಯಾವುದು, ಆವಿ ಯಾವುದು ಎಂಬುದು ಸ್ಪಷ್ಟ. ಒತ್ತಡವನ್ನು ಹೆಚ್ಚಿಸುತ್ತ ಹೋದಂತೆ ಇವೆರಡರ ಅಂತರ ಕಿರಿದಾಗುತ್ತದೆ. 374 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ವಾತಾವರಣದ ಸುಮಾರು 218 ಪಟ್ಟು ಒತ್ತಡದಲ್ಲಿ ಅದು ಅಳಿದೇ ಹೋಗುತ್ತದೆ. ಈ ನೆಲೆಯೇ ಸಂದಿಗ್ಧ ಬಿಂದು. ಹೆಸರು ಅನ್ವರ್ಥಕವಾದುದು: ಅಲ್ಲಿ ದ್ರವ್ಯವು ದ್ರವವೂ ಅಲ್ಲ, ಅನಿಲವೂ ಅಲ್ಲ. ಸಾಂದ್ರತೆಯ ಏರಿಳಿತಗಳು ಬೆಳಕಿನ ಅಲೆಯುದ್ದದಷ್ಟು ಬೆಳೆಯುವುದರಿಂದ ತಿಳಿಯಾದ ದ್ರವವು ಹಾಲಿನಂತೆ ಬೆಳ್ಳಗಾಗುತ್ತದೆ.

ಪ್ರೋಟಾನು, ನ್ಯೂಟ್ರಾನುಗಳು ಸಹ ಸುಮಾರು 1.8 ಲಕ್ಷ ಕೋಟಿ ಡಿಗ್ರಿಯಲ್ಲಿ ಕರಗಿ ಕ್ವಾರ್ಕ್-ಗ್ಲೂಆನ್ ಪ್ಲಾಸ್ಮಾ ಆಗುತ್ತವೆ. ವಿಶ್ವವು ತನ್ನ ಮೊದಲ ಕೆಲವು ಮೈಕ್ರೋಸೆಕೆಂಡುಗಳಲ್ಲಿ ಈ ಸ್ಥಿತಿಯಲ್ಲಿತ್ತು. ಈ ಸ್ಥಿತ್ಯಂತರಕ್ಕೂ ಒಂದು ಸಂದಿಗ್ಧ ಬಿಂದು ಉಂಟೆ? ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಜೀವ್ ಗವಾಯಿ ಹಾಗೂ ಸೌರೇಂದು ಗುಪ್ತಾ ಅವರು ಗಣಕಯಂತ್ರದ ಲೆಕ್ಕದಿಂದ ಅದರ ಸ್ಥಾನದ ಅಂದಾಜೊಂದನ್ನು 2005ರಲ್ಲಿ ಪ್ರಕಟಿಸಿದರು.

ಅಂದಾಜನ್ನು ಪರೀಕ್ಷಿಸಲು ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಚಿನ್ನದ ಪರಮಾಣು ಬೀಜಗಳನ್ನು ಬೇರೆ ಬೇರೆ ಶಕ್ತಿಗಳಲ್ಲಿ ಡಿಕ್ಕಿ ಹೊಡೆಸಿ, ಪ್ರತಿ ಡಿಕ್ಕಿಯಲ್ಲಿ ಹೊಮ್ಮುವ ಪ್ರೋಟಾನುಗಳ ಸಂಖ್ಯೆಯ ಏರಿಳಿತವನ್ನು ಅಳೆಯಲಾಗಿದೆ. ತೊಡಕು ಕಾಲದ್ದು. ಡಿಕ್ಕಿಯಲ್ಲಿ ಹುಟ್ಟಿದ ಪ್ಲಾಸ್ಮಾ ಹುಟ್ಟಿದೊಡನೆ ಹಿಗ್ಗಿ ತಣಿಯುತ್ತದೆ. ಬೆಳಕು ಒಂದು ಪರಮಾಣು ಬೀಜವನ್ನು ದಾಟುವಷ್ಟೇ ಹೊತ್ತು ಅದರ ಬಾಳು.

ಇದರ ಪರಿಣಾಮವನ್ನು ಸೊಲ್ಲಾಪುರದ ಸಂಕ್ರಾಂತಿಯ ಗಡ್ಡಾ ಜಾತ್ರೆಯ ನಿದರ್ಶನದಿಂದ ತಿಳಿಯಬಹುದು. ನಂದಿಧ್ವಜ ಹೊರಟಿತೆಂಬ ಸುದ್ದಿ ಬಾಯಿಂದ ಬಾಯಿಗೆ ದಾಟುತ್ತದೆ ಎನ್ನೋಣ. ಜನ ನಿಂತಿದ್ದರೆ ಅದು ಜಾತ್ರೆಯ ಅಂಚಿಗೂ ಮುಟ್ಟೀತು. ಜನ ಚದುರುತ್ತಿದ್ದರೆ ನಡುವೆಯೇ ನಿಲ್ಲುತ್ತದೆ. ಸುದ್ದಿ ತಲುಪಿದ ದೂರವೇ ಭೌತವಿಜ್ಞಾನದ ‘ಸಹಸಂಬಂಧದ ಹರವು’. ಸಂದಿಗ್ಧ ಬಿಂದುವಿನಲ್ಲಿ ಅದು ಅನಂತವಾಗಬೇಕು. ಆದರೆ ಬಿಂದುವಿಗೆ ಹತ್ತಿರವಾದಷ್ಟೂ ಸುದ್ದಿಯ ನಡಿಗೆ ನಿಧಾನವಾಗುತ್ತದೆ. ಬೆರ್ಡ್ನಿಕೋವ್ ಮತ್ತು ಕೃಷ್ಣ ರಾಜಗೋಪಾಲ್ ಅವರ 2000ದ ಲೆಕ್ಕದಂತೆ, ಡಿಕ್ಕಿಯ ಪ್ಲಾಸ್ಮಾದಲ್ಲಿ ಈ ಹರವು ಎರಡು-ಮೂರು ಫೆಮ್ಟೋಮೀಟರನ್ನು ಮೀರಲಾರದು.

ಹೀಗೆ ಕುಗ್ಗಿದ ಗುರುತನ್ನು ಹಿಡಿಯಲು ಸೂಕ್ಷ್ಮವಾದ ಅಳತೆಗೋಲು ಬೇಕು. ಹರವು ಇಮ್ಮಡಿಯಾದರೆ ಏರಿಳಿತದ ಸಾಮಾನ್ಯ ಅಳತೆ ನಾಲ್ಕು ಪಟ್ಟಾಗುತ್ತದೆ. ಹಂಚಿಕೆಯ ಆಕಾರವನ್ನು ಹೇಳುವ ನಾಲ್ಕನೆಯ ದರ್ಜೆಯ ಅಳತೆ 128 ಪಟ್ಟಾಗುತ್ತದೆ ಎಂದು ಮಿಖಾಯಿಲ್ ಸ್ಟೆಫಾನೋವ್ 2009ರಲ್ಲಿ ತೋರಿಸಿದರು. ಆದರೆ ಈ ಸಂಬಂಧ ಸಮತೋಲದಲ್ಲಿರುವ ದ್ರವ್ಯಕ್ಕೆ ಅನ್ವಯಿಸುವಂಥದು. ಹಿಗ್ಗುವ ದ್ರವ್ಯದ ಏರಿಳಿತವು ಇಂದಿನ ಸ್ಥಿತಿಗಿಂತ ನಿನ್ನೆಯ ಸ್ಥಿತಿಯನ್ನೇ ಹೆಚ್ಚು ನೆನಪಿಟ್ಟಿರುತ್ತದೆ. ಆದ್ದರಿಂದ ದ್ರವದ ಹರಿವನ್ನೂ ಏರಿಳಿತದ ನಿಧಾನಗತಿಯನ್ನೂ ಒಟ್ಟಿಗೆ ಲೆಕ್ಕಿಸುವ ಮಾದರಿಗಳು ಅನಿವಾರ್ಯವಾಗಿವೆ.

ಬ್ರೂಕ್‌ಹೇವನ್‌ನ ಸ್ಟಾರ್ ತಂಡವು 2021ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಈ ನಾಲ್ಕನೆಯ ಅಳತೆಯು ಶಕ್ತಿಯೊಡನೆ ಒಂದೇ ದಿಕ್ಕಿನಲ್ಲಿ ಬದಲಾಗದೆ ಇಳಿದು ಏರುವ ಸೂಚನೆ ಇತ್ತು. ಅದರ ಖಚಿತತೆ 3.1 ಸಿಗ್ಮಾ. ಶೋಧವೆಂದು ಸಾರಲು 5 ಸಿಗ್ಮಾ ಬೇಕೆಂಬುದು ಈ ಕ್ಷೇತ್ರದ ಕಟ್ಟಳೆ. ಇಲ್ಲಿ ಅಂಕಿಗಳ ಖಚಿತತೆ ಮಾತ್ರ ಸಾಲದು. ಗುರುತು ಕಾಣದಿದ್ದರೆ ಬಿಂದುವೇ ಇಲ್ಲವೋ, ಅದು ಬೆಳೆಯಲು ಕಾಲ ಸಾಲದಾಯಿತೋ ಎಂಬ ಎರಡನ್ನೂ ಬೇರ್ಪಡಿಸಿ ಹೇಳಬಲ್ಲದ್ದು ಮಾದರಿ ಮಾತ್ರ.