ನಾಂದಣಿಯಲ್ಲಿ ಅಕ್ರೋಡು ಯಾಕೆ ಬೆಳೆಯುವುದಿಲ್ಲ?

ಕಿರಾಣಿ ಅಂಗಡಿಯಲ್ಲಿ ಅಕ್ರೋಡು ಸಿಗುತ್ತದೆ.
ಆದರೆ ನಾಂದಣಿಯ ಹೊಲದಲ್ಲಿ ಅದು ಯಾಕೆ ಬೆಳೆಯುವುದಿಲ್ಲ?

ನಾಂದಣಿ ಇರುವ ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿಗೆ ಕೃಷ್ಣೆ, ಪಂಚಗಂಗೆಯ ನೀರಿದೆ.
ಆಳೆತ್ತರ ಕಬ್ಬು ಬೆಳೆಯುವ ಕಪ್ಪು ಮಣ್ಣಿದೆ.
ಇಲ್ಲದ್ದು ಒಂದೇ.
ಗಡಗಡ ನಡುಗಿಸುವ ಚಳಿ!

ಅಕ್ರೋಡಿನ ಮರ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ.
ಆ ನಿದ್ದೆಗೆ 7 ಡಿಗ್ರಿಗಿಂತ ಕೆಳಗಿನ ತಂಪು ಬೇಕು,
ಅದೂ ನೂರಾರು ಗಂಟೆ.

ನಿದ್ದೆಗೆಟ್ಟ ಕೂಸು ಬೆಳಿಗ್ಗೆ ರಚ್ಚೆ ಹಿಡಿಯುತ್ತದಲ್ಲ?
ಹಾಗೆಯೇ, ಚಳಿ ಸಾಲದ ಮರ ವಸಂತ ಬಂದರೂ
ಸರಿಯಾಗಿ ಚಿಗುರುವುದಿಲ್ಲ.

ಅದಕ್ಕೇ ನಮ್ಮ ದೇಶದ ಅಕ್ರೋಡಿನ ಬಹುಪಾಲು ಕಾಶ್ಮೀರದ್ದು.
ಅಲ್ಲಿ ಸೆಪ್ಟೆಂಬರಿನಲ್ಲಿ ಮರ ಹತ್ತಿ,
ಉದ್ದನೆಯ ಕೋಲಿನಿಂದ ಕಾಯಿ ಬಡಿದು ಉದುರಿಸುತ್ತಾರೆ.
ಹಸಿರು ಸಿಪ್ಪೆ ಸುಲಿದವರ ಕೈ ಮೆಹಂದಿಗಿಂತ ಗಾಢವಾಗಿ,
ಕಪ್ಪಗೆ ಬಣ್ಣ ಹಿಡಿಯುತ್ತದೆ!

ಅಕ್ರೋಡಿನ ಬಳಗದಲ್ಲಿ ಸುಮಾರು 60 ಜಾತಿಯ ಮರಗಳಿವೆ.
ಅಮೆರಿಕದ ಪೆಕಾನ್ ಕೂಡ ಇದರ ದಾಯಾದಿ.

ಹಾಗಾದರೆ ಇದೇ ಕೊಲ್ಹಾಪುರ ಜಿಲ್ಲೆಯ
ಆಜರಾ, ಚಂದಗಡದ ಗೋಡಂಬಿ?
ಅದು ಮಾವಿನ ಬಳಗ!
ಶೇಂಗಾ?
ತೊಗರಿಯ ಬಳಗ!

ಮುಂದಿನ ಸಲ ಅಕ್ರೋಡು ಒಡೆದಾಗ,
ಚಿಪ್ಪಿನ ಎರಡು ಹೋಳನ್ನೂ ತಿರುಗಿಸಿ ನೋಡಿ.
ಒಂದಿಡೀ ಚಳಿಗಾಲ ಮಲಗಿ ಎದ್ದ ಮರದ ಕಾಯಿ ಅದು.