ಅಂಗಳಕ್ಕೆ ಕಾರು ಬಂತು, ಬಾವಿಗೆ ನೀರು ಬೇಕಲ್ಲ!

ಮನೆಗೆ ಹೊಸ ಕಾರು ಬಂತೆಂದರೆ ಸಂಭ್ರಮವೋ ಸಂಭ್ರಮ. ಮಾರನೇ ದಿನವೇ ಪ್ರಶ್ನೆ ಶುರು, ಇದನ್ನು ನಿಲ್ಲಿಸುವುದೆಲ್ಲಿ? ಆಗ ಎಲ್ಲರ ಕಣ್ಣು ಬೀಳುವುದು ಎದುರಿನ ಅಂಗಳದ ಮೇಲೆ. ದಾಸವಾಳ, ಅಬ್ಬಲಿಗೆ ಗಿಡಗಳನ್ನೆಲ್ಲ ಕಿತ್ತು ಪೂರ್ತಿ ಇಂಟರ್‌ಲಾಕ್ ಹಾಕಿಸಿಬಿಟ್ಟರೆ ಕೆಸರೂ ಇಲ್ಲ, ಗುಡಿಸುವ ಕಷ್ಟವೂ ಕಡಿಮೆ ಅಂತ ಅನ್ನಿಸುವುದು ಸಹಜ.

ಬಾರ್ಕೂರು, ಬ್ರಹ್ಮಾವರ, ಕುಂದಾಪುರದ ಕಡೆ ಯಜಮಾನರು ಮುಂಬೈಯಲ್ಲೋ ಗಲ್ಫ್‌ನಲ್ಲೋ ಇರುವ ಮನೆಗಳು ಕಡಿಮೆಯೇನಲ್ಲ. ಹಣ ಅಲ್ಲಿಂದ ಬರುತ್ತದೆ, ಕೆಲಸ ಮಾಡಿಸುವ ಹೊಣೆ ಮಾತ್ರ ಗೃಹಿಣಿಯದ್ದು. ಹಾಗಾಗಿ ಗುತ್ತಿಗೆದಾರರ ಎದುರು ನಿಂತು ಮಾತಾಡುವ ಮೊದಲು ನಾಲ್ಕು ವಿಷಯ ನಿಮಗೇ ಗೊತ್ತಿದ್ದರೆ ಒಳ್ಳೆಯದು.

ಪೂರ್ತಿ ಮುಚ್ಚಲೇಬೇಕೆ?

ಒಂದು ಸಣ್ಣ ಲೆಕ್ಕ ನೋಡಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ನಿಮ್ಮ ಅಂಗಳ 20 ಅಡಿಗೆ 30 ಅಡಿ, ಅಂದರೆ 600 ಚದರಡಿ ಇದೆ ಎನ್ನಿ. ಅಷ್ಟು ಜಾಗಕ್ಕೆ ಬೀಳುವ ಮಳೆ ಎರಡು ಲಕ್ಷ ಲೀಟರಿಗೂ ಹೆಚ್ಚು! ಅದೆಲ್ಲವೂ ಬಾವಿಗೇ ಇಳಿಯುತ್ತದೆ ಅಂತಲ್ಲ. ಆದರೆ ಮಣ್ಣು ತೆರೆದಿದ್ದರೆ ಒಂದು ಪಾಲಾದರೂ ಇಂಗುತ್ತದೆ. ಪೂರ್ತಿ ಮುಚ್ಚಿದರೆ ಹೆಚ್ಚಿನದ್ದು ತೋಡಿಗೆ, ಇಲ್ಲವೇ ಪಕ್ಕದ ಮನೆಯ ಅಂಗಳಕ್ಕೆ. ಏಪ್ರಿಲ್‌ನಲ್ಲಿ ಬಾವಿಯ ತಳ ಕಾಣುವಾಗ ಇದರ ಬೆಲೆ ತಿಳಿಯುತ್ತದೆ.

ನಾಲ್ಕು ಮೀಟರ್‌ನೊಳಗಿನ ಸಣ್ಣ ಕಾರಿಗೆ, ಬಾಗಿಲು ತೆರೆಯುವ ಜಾಗವೂ ಸೇರಿ, 10 ಅಡಿ ಅಗಲ 18 ಅಡಿ ಉದ್ದ ಸಾಕು. ಅಂದರೆ 180 ಚದರಡಿ. ಉಳಿದ 420 ಚದರಡಿಯಲ್ಲಿ ತುಳಸಿಕಟ್ಟೆ, ಹೂವಿನ ಗಿಡ, ಹಪ್ಪಳ ಒಣಗಿಸುವ ಜಾಗ ಎಲ್ಲವೂ ಇರಲಿ. ಖರ್ಚೂ ಕಡಿಮೆ. ಇನ್ನೂ ಕಡಿಮೆ ಸಾಕೆಂದರೆ ಚಕ್ರ ಹೋಗುವಲ್ಲಿ ಮಾತ್ರ ಎರಡೆರಡು ಅಡಿ ಅಗಲದ ಪಟ್ಟಿ ಹಾಕಿಸಿ, ನಡುವೆ ಹುಲ್ಲು ಬಿಡಿ.

ಕಣ್ಣಿಗೆ ಕಾಣದ್ದೇ ಮುಖ್ಯ

ಇಂಟರ್‌ಲಾಕ್ ಬಣ್ಣ ನೋಡಿ ಮರುಳಾಗಬೇಡಿ. ಹೆಚ್ಚಾಗಿ ಕುಸಿಯುವುದು ಅದರ ಅಡಿಯ ನೆಲ. ಮೇಲಿನ ಸಡಿಲ ಮಣ್ಣು ತೆಗೆದು, ನಾಲ್ಕರಿಂದ ಆರು ಇಂಚು ಜಲ್ಲಿ ಹಾಕಿ, ನೀರು ಚಿಮುಕಿಸಿ ಯಂತ್ರದಿಂದ ಗಟ್ಟಿ ಮಾಡಬೇಕು. ಅದರ ಮೇಲೆ ಒಂದು ಇಂಚಿನಿಂದ ಒಂದೂವರೆ ಇಂಚಿನವರೆಗೆ ಹೊಯಿಗೆ, ಆಮೇಲೆ ಬ್ಲಾಕ್. ಜಲ್ಲಿ ಬಿಟ್ಟು ಬರೀ ಹೊಯಿಗೆಯ ಮೇಲೆ ಬ್ಲಾಕ್ ಜೋಡಿಸಿದರೆ ಮೊದಲ ಮಳೆಗಾಲಕ್ಕೇ ಚಕ್ರದ ಗುರುತು ಬೀಳುತ್ತದೆ. ಸುತ್ತಲೂ ಸಿಮೆಂಟಿನ ಅಂಚು ಕಟ್ಟದಿದ್ದರೆ ಬ್ಲಾಕ್‌ಗಳು ಒಂದೊಂದಾಗಿ ಹೊರಗೆ ಸರಿಯುತ್ತವೆ.

ಬ್ಲಾಕ್‌ಗಳಿಗೆ 2006ರಲ್ಲಿ ಬಂದ ಐಎಸ್ 15658 ಎಂಬ ಭಾರತೀಯ ಮಾನದಂಡದಲ್ಲಿ ಕಾರು ನಿಲ್ಲಿಸುವಂಥ ಜಾಗಕ್ಕೆ 60 ಮಿ.ಮೀ. ದಪ್ಪ, ಎಂ-35 ದರ್ಜೆ ಎಂದಿದೆ. 50 ಮಿ.ಮೀ.ಯದ್ದು ಬರೀ ನಡೆದಾಡುವ ಜಾಗಕ್ಕೆ. ಲಾರಿಯಿಂದ ಇಳಿಸುವಾಗಲೇ ಒಂದು ಬ್ಲಾಕ್ ಎತ್ತಿ ಟೇಪು ಹಿಡಿದು ಅಳೆಯಿರಿ. ಅದಕ್ಕೆ ನಾಚಿಕೆ ಎಂತಕ್ಕೆ?

ಇಳಿಜಾರು 50 ಅಡಿಗೆ ಒಂದು ಅಡಿ, ಅಂದರೆ 10 ಅಡಿಗೆ ಸುಮಾರು ಎರಡೂವರೆ ಇಂಚು ಇರಲಿ. ನೀರು ಜಗಲಿಯ ಕಡೆಗೆ ಬರಬಾರದು. ಹೊಸ ನೆಲ ಜಗಲಿಯ ಮೆಟ್ಟಿಲಿಗಿಂತ ಕೆಳಗೇ ಇರಬೇಕು. ಬಾವಿಗೆ ಇಳಿಸುವುದಿದ್ದರೆ ಮಾಡಿನ ನೀರನ್ನು ಸೋಸಿ ಇಳಿಸಿ. ಕಾರು ನಿಲ್ಲುವ ಜಾಗದ ನೀರಿನಲ್ಲಿ ಎಣ್ಣೆ ಜಿಡ್ಡಿರುತ್ತದೆ, ಅದು ಬಾವಿಯಿಂದ ದೂರದ ಗಿಡದ ಬುಡಕ್ಕೆ ಹೋಗಲಿ.

ಯಾರಿಗೆ ಕೊಡುವುದು?

"ಎಂತ ಆತಿಲ್ಲೆ ಅಕ್ಕ, ಎಲ್ಲ ನಾ ಕಾಣ್ತೆ" ಎನ್ನುವವರು ತುಂಬ ಜನ ಸಿಗುತ್ತಾರೆ. ಮಾತಿಗಿಂತ ಕೆಲಸ ನೋಡಿ. ಕನಿಷ್ಠ ಎರಡು ಮಳೆಗಾಲ ಕಂಡ ಅಂಗಳ ತೋರಿಸಲು ಹೇಳಿ. ಅಲ್ಲಿ ನೀರು ನಿಲ್ಲುತ್ತದೆಯೇ, ಬ್ಲಾಕ್ ಅಲ್ಲಾಡುತ್ತದೆಯೇ ನೋಡಿ, ಆ ಮನೆಯ ಹೆಂಗಸರ ಹತ್ತಿರ ನಾಲ್ಕು ಮಾತಾಡಿ. ಹೇಳಿದ ದಿನ ಬಂದರೇ, ನಡುವೆ ಕೈಕೊಟ್ಟರೇ ಅಂತ ಕೇಳಿ.

ಮೂವರಿಂದ ದರ ಕೇಳಿ. ಆದರೆ ಮೂವರಿಗೂ ಜಲ್ಲಿ ಎಷ್ಟು, ಬ್ಲಾಕ್ ಎಷ್ಟು ದಪ್ಪ ಎಂದು ಒಂದೇ ವಿವರ ಕೊಡಿ. ಇಲ್ಲದಿದ್ದರೆ ಕಡಿಮೆ ದರ ಹೇಳಿದವರು ಎಲ್ಲಿ ಕಡಿಮೆ ಮಾಡಿದ್ದಾರೆ ಅಂತ ಗೊತ್ತೇ ಆಗುವುದಿಲ್ಲ. "ಬೇರೆ ಕಡೆಯ ಮಾಲು ಉಳಿದಿದೆ, ಇವತ್ತೇ ಹೇಳಿ" ಎಂದು ಅವಸರ ಮಾಡಿದರೆ ಅಲ್ಲೇ ನಿಲ್ಲಿಸಿ.

ಗುರುತಿನವರೇ ಆದರೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅದರಲ್ಲಿ ಇವಿಷ್ಟಿರಲಿ:

* ಒಟ್ಟು ಚದರಡಿ, ಚದರಡಿಗೆ ದರ. ಮಣ್ಣು ಸಾಗಿಸುವುದು, ಅಂಚು ಕಟ್ಟುವುದು ಸೇರಿದೆಯೇ ಎಂಬುದು
* ಜಲ್ಲಿ, ಹೊಯಿಗೆ, ಬ್ಲಾಕ್‌ನ ದಪ್ಪ
* ಶುರುವಾಗುವ ದಿನ, ಮುಗಿಸುವ ದಿನ
* ಕುಸಿದರೆ ಎಷ್ಟು ಸಮಯದವರೆಗೆ ಉಚಿತವಾಗಿ ಸರಿಪಡಿಸಬೇಕು ಎಂಬುದು
* ಹಣದ ಕಂತುಗಳು

ಹಣ ಕೆಲಸದ ಹಿಂದೆ ಹೋಗಬೇಕು, ಮುಂದೆ ಅಲ್ಲ. ಮುಂಗಡ ಕಾಲು ಭಾಗ, ಜಲ್ಲಿ ಹಾಸಿದ ಮೇಲೆ ಇಷ್ಟು, ಬ್ಲಾಕ್ ಜೋಡಿಸಿದ ಮೇಲೆ ಇಷ್ಟು ಎಂದಿರಲಿ. ಹತ್ತರಲ್ಲಿ ಒಂದು ಪಾಲು ಮೊದಲ ಜೋರು ಮಳೆಯವರೆಗೆ ನಿಮ್ಮ ಕೈಯಲ್ಲೇ ಇರಲಿ. ಜಲ್ಲಿ ಹಾಸಿದ ದಿನ ಟೇಪಿನ ಸಮೇತ ಒಂದು ಫೋಟೋ ತೆಗೆದು ಯಜಮಾನರಿಗೆ ಕಳುಹಿಸಿ, ಮುಚ್ಚಿಹೋದ ಮೇಲೆ ನೋಡಲು ಆಗುವುದಿಲ್ಲವಲ್ಲ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.

ಇಷ್ಟಾಗಿಯೂ ಮೋಸವಾದರೆ? ಮೊದಲು ಬರಹದಲ್ಲಿ ದೂರು ಕೊಡಿ. ಸರಿಯಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಉಡುಪಿಯಲ್ಲಿ ಜಿಲ್ಲಾ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಎರಡು ವರ್ಷದೊಳಗೆ ದೂರು ಸಲ್ಲಿಸಬಹುದು. ನೀವು ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ. ಆ ಒಂದು ಹಾಳೆ, ರಸೀದಿ, ಫೋಟೋ ಆಗ ನಿಮ್ಮ ಕೈಹಿಡಿಯುತ್ತವೆ.

ಕೆಲಸ ಯಾವಾಗ?

ದೀಪಾವಳಿ ಕಳೆದು ನೆಲ ಒಣಗಿದ ಮೇಲೆ, ಡಿಸೆಂಬರ್–ಜನವರಿ ಒಳ್ಳೆಯ ಕಾಲ. ಸಿಮೆಂಟಿನ ಅಂಚಿಗೆ ಕನಿಷ್ಠ ಏಳು ದಿನ ನೀರುಣಿಸಬೇಕು, ಆಗ ಬಾವಿಯಲ್ಲಿ ನೀರೂ ಇರುತ್ತದೆ. ಮೇ ಕೊನೆಗೆ ಶುರು ಮಾಡಿದರೆ ಅರ್ಧಕ್ಕೇ ಮಳೆ ಹಿಡಿದು ಅಂಗಳ ಗದ್ದೆಯಾದೀತು! ಹಾಗಾಗಿ ಈ ಸಲ ಮಳೆ ಬರುವಾಗ ಕೊಡೆ ಹಿಡಿದು ಅಂಗಳದಲ್ಲಿ ಒಮ್ಮೆ ನಿಂತು, ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ನೋಡಿಟ್ಟುಕೊಳ್ಳಿ. ಗುತ್ತಿಗೆದಾರರಿಗೆ ಹೇಳಬೇಕಾದ ಮೊದಲ ಮಾತು ಅದೇ.