ಎಚ್‌ಡಿ ಪ್ರತಿಯೋ, ಹಳೆಯ ಡಿಸ್ಕೋ? ಸದಸ್ಯರಿಗೆ ಒಂದು ವಿವರಣೆ



ರಾಜ್ಯೋತ್ಸವಕ್ಕೆ ಚಲನಚಿತ್ರ ಪ್ರದರ್ಶನ ಇಟ್ಟುಕೊಳ್ಳುವ ಶಾಖೆಗಳವರು ನಮ್ಮನ್ನು ಎರಡು ಪ್ರಶ್ನೆ ಕೇಳುತ್ತಿರುತ್ತಾರೆ. ಒಂದು, "ನಮ್ಮ ಹತ್ತಿರ ಡಿವಿಡಿ ಇದೆ, ಅದು ಸಾಲದೇ, ಎಚ್‌ಡಿ ಪ್ರತಿಯೇ ಬೇಕೇ?" ಇನ್ನೊಂದು, "ಮನೆಯಲ್ಲಿ ರಾಶಿ ಬಿದ್ದಿರುವ ಹಳೆಯ ಸಿಡಿಗಳನ್ನು ಎಸೆದುಬಿಡಬಹುದೇ?" ಮೊದಲನೆಯದಕ್ಕೆ ಉತ್ತರ ಪರದೆ ಎಷ್ಟು ದೊಡ್ಡದು, ಚಿತ್ರದ ಮೂಲ ಯಾವುದು ಎಂಬುದನ್ನು ಅವಲಂಬಿಸಿದೆ. ಎರಡನೆಯದಕ್ಕೆ ನಮ್ಮ ಉತ್ತರ: ದಯವಿಟ್ಟು ಎಸೆಯಬೇಡಿ.

ತಾಳಮಲೆ, ತಾಳವಾಡಿ ಕಡೆ ಮನೆಮಾತು ಕನ್ನಡವಾದರೂ ಜಿಲ್ಲೆ ತಮಿಳುನಾಡಿನ ಈರೋಡು. ಕೆಳಗೆ ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿಯಬೇಕು. ಕನ್ನಡ ಚಿತ್ರ ಬೇಕೆಂದರೆ ಚಾಮರಾಜನಗರದ ದಾರಿ ಹಿಡಿಯಬೇಕು. ಡಾ. ರಾಜಕುಮಾರ್ ಅವರ ಗಾಜನೂರು ಇರುವುದು ಇಲ್ಲೇ. ಆದರೂ ಅವರ ಚಿತ್ರಗಳನ್ನು ನಮ್ಮ ಅನೇಕ ಮನೆಗಳವರು ನೋಡಿದ್ದು ಡಿಸ್ಕ್‌ನಲ್ಲಿ. 2007ರಲ್ಲಿ ಮೋಸರ್ ಬೇರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಲು ಶುರುಮಾಡಿದ ಮೇಲಂತೂ ಡಿಸ್ಕ್ ಎಲ್ಲರ ಕೈಗೂ ಎಟುಕಿತು. ಹೊಸೂರು, ಕಾಸರಗೋಡು, ಆದವಾನಿ, ಅಕ್ಕಲಕೋಟೆಯ ಸದಸ್ಯರ ಅನುಭವವೂ ಇದಕ್ಕಿಂತ ಬಹಳ ಬೇರೆ ಇರಲಾರದು.

ಚುಕ್ಕಿಗಳ ಲೆಕ್ಕ

ಟಿವಿಯ ಚಿತ್ರ ಎಂದರೆ ಬಣ್ಣದ ಚುಕ್ಕಿಗಳ ರಂಗೋಲಿ. ಚುಕ್ಕಿ ಹೆಚ್ಚಿದ್ದಷ್ಟೂ ವಿವರ ಹೆಚ್ಚು. ಪಾಲ್ ಪದ್ಧತಿಯ ವಿಸಿಡಿಯಲ್ಲಿ ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕಿಗಳು, ಒಟ್ಟು ಸುಮಾರು 1 ಲಕ್ಷ. ಡಿವಿಡಿಯಲ್ಲಿ 720 ಮತ್ತು 576, ಒಟ್ಟು ಸುಮಾರು 4 ಲಕ್ಷ. ಬ್ಲೂ-ರೇ ಡಿಸ್ಕ್‌ನ ಫುಲ್ ಎಚ್‌ಡಿಯಲ್ಲಿ 1920 ಮತ್ತು 1080, ಒಟ್ಟು 20 ಲಕ್ಷಕ್ಕೂ ಹೆಚ್ಚು. ಅಂದರೆ ಡಿವಿಡಿಯ ಐದು ಪಟ್ಟು, ವಿಸಿಡಿಯ ಇಪ್ಪತ್ತು ಪಟ್ಟು.

ಮೂರೂ ಡಿಸ್ಕ್‌ಗಳು 12 ಸೆಂಟಿಮೀಟರ್ ಅಗಲದವೇ. ಹಾಗಿದ್ದರೆ ಇಷ್ಟು ವ್ಯತ್ಯಾಸ ಹೇಗೆ? ಒಂದೇ ಅಳತೆಯ ಹೊಲದಲ್ಲಿ ಸಾಲುಗಳನ್ನು ಹತ್ತಿರ ಹತ್ತಿರ ಹಾಕಿದರೆ ಹೆಚ್ಚು ಪೈರು ಹಿಡಿಯುವ ಹಾಗೆ. ಸಿಡಿಯ ಸಾಲುಗಳ ನಡುವೆ 1.6 ಮೈಕ್ರಾನ್ ಅಂತರವಿದ್ದರೆ ಡಿವಿಡಿಯಲ್ಲಿ 0.74, ಬ್ಲೂ-ರೇಯಲ್ಲಿ 0.32. ಅಷ್ಟು ಕಿರಿದಾದ ಸಾಲನ್ನು ಓದಲು ಕೆಂಪು ಲೇಸರ್ ಸಾಲದೆ ನೀಲಿ-ನೇರಳೆ ಲೇಸರ್ ಬೇಕಾಯಿತು. ಬ್ಲೂ-ರೇ ಎಂಬ ಹೆಸರು ಬಂದದ್ದು ಅದರಿಂದಲೇ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ ಹಿಡಿದರೆ ಬ್ಲೂ-ರೇಯಲ್ಲಿ 25 ಜಿಬಿ ಹಿಡಿಯುತ್ತದೆ.

ಒಂದೇ ಡಿಸ್ಕ್‌ನಲ್ಲಿ ಮೂರು ಚಿತ್ರ

ಡಿವಿಡಿ ಎಂದ ಮಾತ್ರಕ್ಕೆ ಡಿವಿಡಿಯ ಗುಣಮಟ್ಟ ಸಿಕ್ಕೇ ಸಿಗುತ್ತದೆ ಎಂದಿಲ್ಲ. ಎರಡೂವರೆ ಗಂಟೆಯ ಒಂದು ಚಿತ್ರವನ್ನು ಒಂದು ಪದರದ ಡಿವಿಡಿಯಲ್ಲಿ ತುಂಬಿದರೆ ಸೆಕೆಂಡಿಗೆ ಸುಮಾರು 4 ಮೆಗಾಬಿಟ್ ಮಾಹಿತಿ ಸಿಗುತ್ತದೆ. ಅದೇ ಡಿಸ್ಕ್‌ಗೆ ಅಂಥ ಮೂರು ಚಿತ್ರ ತುರುಕಿದರೆ ಸಿಗುವುದು ಸೆಕೆಂಡಿಗೆ 1.4 ಮೆಗಾಬಿಟ್ ಮಾತ್ರ. ವಿಸಿಡಿಯಲ್ಲಿ ಇರುವುದೂ ಹೆಚ್ಚುಕಡಿಮೆ ಅಷ್ಟೇ! ಕುಣಿತ, ಮಳೆ, ಯುದ್ಧದ ದೃಶ್ಯ ಬಂದಾಗ ಚಿತ್ರ ಚೌಕ ಚೌಕವಾಗಿ ಒಡೆಯಲು ಇದೂ ಒಂದು ಕಾರಣ. "ಮೂರು ಚಿತ್ರ ಒಂದೇ ಬೆಲೆಗೆ" ಎಂಬ ಡಿಸ್ಕ್ ಪ್ರದರ್ಶನಕ್ಕೆ ಆಗಿಬರುವುದಿಲ್ಲ.

ಎಷ್ಟು ದೂರದಿಂದ ನೋಡುತ್ತೇವೆ?

ಸಾಮಾನ್ಯ ಕಣ್ಣಿಗೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕಿಂತ ಸಣ್ಣ ವಿವರ ಬೇರೆಯಾಗಿ ಕಾಣುವುದಿಲ್ಲ. ಈ ಲೆಕ್ಕದಲ್ಲಿ 32 ಇಂಚಿನ ಟಿವಿಯಲ್ಲಿ ವಿಸಿಡಿಯ ಒರಟು ಸುಮಾರು 15 ಅಡಿ ದೂರದವರೆಗೂ ಕಾಣುತ್ತದೆ. ಡಿವಿಡಿಯ ಚುಕ್ಕಿ 8 ಅಡಿ ದಾಟಿದರೆ ಕಾಣದು. ಫುಲ್ ಎಚ್‌ಡಿಯ ಪೂರ್ತಿ ವಿವರ ಬೇಕಾದರೆ 4 ಅಡಿ ಹತ್ತಿರ ಕೂರಬೇಕು. ನಡುಮನೆಯಲ್ಲಿ 10 ಅಡಿ ದೂರ ಕುಳಿತು 32 ಇಂಚಿನ ಟಿವಿ ನೋಡುವವರಿಗೆ ಚೆನ್ನಾಗಿ ತಯಾರಿಸಿದ ಡಿವಿಡಿಯೇ ಧಾರಾಳ. ಎಚ್‌ಡಿಗೆಂದು ಹೆಚ್ಚು ಖರ್ಚು ಮಾಡಬೇಕಿಲ್ಲ.

ಸಭಾಂಗಣದ ಮಾತು ಬೇರೆ. 8 ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಪರದೆಗೆ ಪ್ರೊಜೆಕ್ಟರ್ ಹಾಕಿದರೆ ಡಿವಿಡಿಯ ಚುಕ್ಕಿ ಸುಮಾರು 27 ಅಡಿ ದೂರದವರೆಗೆ ಕಾಣುತ್ತದೆ. ಫುಲ್ ಎಚ್‌ಡಿಯಾದರೆ 14 ಅಡಿ ದಾಟಿದವರಿಗೆ ಚಿತ್ರ ನುಣುಪು. ನಮ್ಮ ಶಾಖೆಗಳ ಸಣ್ಣ ಸಭಾಂಗಣಗಳಲ್ಲಿ ಹೆಚ್ಚಿನವರು ಕೂರುವುದು ಈ ಎರಡು ಅಳತೆಗಳ ನಡುವೆ. ಆದ್ದರಿಂದ ಸಾರ್ವಜನಿಕ ಪ್ರದರ್ಶನಕ್ಕೆ ಎಚ್‌ಡಿ ಪ್ರತಿಯನ್ನೇ ಹುಡುಕಿ. ಜೊತೆಗೆ ಹಕ್ಕುದಾರರ ಅನುಮತಿ ಪಡೆಯುವುದನ್ನು ಮರೆಯಬೇಡಿ. ಅಂಗಡಿಯಲ್ಲಿ ಕೊಂಡ ಡಿಸ್ಕ್ ಮನೆಯ ಉಪಯೋಗಕ್ಕೆ ಮಾತ್ರ.

ಮೂಲ ಯಾವುದು?

ಇದು ಎಲ್ಲಕ್ಕಿಂತ ಮುಖ್ಯ. ಮೂಲದಲ್ಲಿ ಇಲ್ಲದ ವಿವರವನ್ನು ಯಾವ ಡಿಸ್ಕೂ ತಂದುಕೊಡುವುದಿಲ್ಲ. ವಿಸಿಡಿಯನ್ನೇ ಹಿಗ್ಗಿಸಿ ಮೊಬೈಲಿನಲ್ಲಿ "ಎಚ್‌ಡಿ" ಎಂದು ಹಾಕಿದರೆ ಚುಕ್ಕಿ ಹೆಚ್ಚುತ್ತದೆ, ವಿವರ ಹೆಚ್ಚುವುದಿಲ್ಲ. ನೀರು ಬೆರೆಸಿದ ಹಾಲು ಪಾತ್ರೆ ತುಂಬಿಸಿದಂತೆ.

ಆದರೆ ಹಳೆಯ ಚಿತ್ರಗಳ 35 ಎಂ.ಎಂ. ನೆಗೆಟಿವ್‌ನಲ್ಲಿ ಡಿವಿಡಿಗೆ ಹಿಡಿಸದಷ್ಟು ವಿವರ ಮೊದಲಿನಿಂದಲೂ ಇದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ'ವನ್ನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿದ್ದ ಮೂಲ ನೆಗೆಟಿವ್‌ನಿಂದ 4ಕೆಯಲ್ಲಿ ಪುನರುಜ್ಜೀವನಗೊಳಿಸಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಲಾಯಿತು. ಅದು ಸಾಧ್ಯವಾದದ್ದು ನೆಗೆಟಿವ್ ಉಳಿದಿದ್ದರಿಂದ. ಬಣ್ಣ ತುಂಬುವುದು ಬೇರೆ ಕೆಲಸ. 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದವು. ಬಣ್ಣ ಹೊಸದು, ಮುಖದ ಗೆರೆ, ಕಣ್ಣಿನ ಹೊಳಪು ಮೂಲ ಫಿಲಂನದೇ.

ಧ್ವನಿಗೂ ಒಂದು ಮಾತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುತ್ತದೆ. ಪಾಲ್ ಡಿವಿಡಿಯಲ್ಲಿ ಅದನ್ನು ಸಾಮಾನ್ಯವಾಗಿ 25ಕ್ಕೆ ಏರಿಸುತ್ತಾರೆ. 150 ನಿಮಿಷದ ಚಿತ್ರ 144 ನಿಮಿಷಕ್ಕೇ ಮುಗಿಯುತ್ತದೆ, ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ತುಸು ಏರುತ್ತದೆ. ಬ್ಲೂ-ರೇ 24ರ ವೇಗದಲ್ಲೇ ಓಡಬಲ್ಲದು.

ಹಳೆಯ ಡಿಸ್ಕ್‌ಗಳನ್ನು ಏನು ಮಾಡುವುದು?

ಬ್ಲೂ-ರೇಯಲ್ಲಿ ಬಂದ ಕನ್ನಡ ಚಿತ್ರಗಳು ಬಹಳ ಕಡಿಮೆ. ಎಷ್ಟೋ ಚಿತ್ರಗಳಿಗೆ ಮನೆಯಲ್ಲಿರುವ ವಿಸಿಡಿ, ಡಿವಿಡಿಯೇ ಗತಿ. ಅದಕ್ಕಿಂತ ಹೆಚ್ಚಾಗಿ ಊರಹಬ್ಬ, ಮದುವೆ, ಕನ್ನಡ ಶಾಲೆಯ ವಾರ್ಷಿಕೋತ್ಸವ, ಹಿರಿಯರ ಹಾಡು ಇರುವ ಡಿಸ್ಕ್‌ಗಳಿವೆ. ಇವುಗಳಿಗೆ ಪುಣೆಯಲ್ಲಿ ನೆಗೆಟಿವ್ ಇಲ್ಲ. ಆ ಡಿಸ್ಕೇ ಮೂಲ, ಅದು ಹೋದರೆ ಎಲ್ಲವೂ ಹೋದಂತೆ. ಮನೆಯಲ್ಲಿ ಬರೆದ ಡಿಸ್ಕ್‌ಗಳಲ್ಲಿ ಮಾಹಿತಿ ನಿಂತಿರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಶಾಖ, ತೇವಕ್ಕೆ ಅದು ಕೆಡುತ್ತದೆ. ಹೀಗೆ ಮಾಡಿ:

1. ಡಿಸ್ಕ್ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ಹಾಕಿ, ಒಳಗಿನ ಫೋಲ್ಡರುಗಳನ್ನು ಇದ್ದ ಹಾಗೆಯೇ ನಕಲು ಮಾಡಿ. ವಿಸಿಡಿಯಲ್ಲಿ 'ಡ್ಯಾಟ್' ಕಡತಗಳೂ ಡಿವಿಡಿಯಲ್ಲಿ 'ವಿಡಿಯೋ ಟಿಎಸ್' ಫೋಲ್ಡರೂ ಇರುತ್ತವೆ.
2. "ಎಚ್‌ಡಿ ಮಾಡಿಕೊಡುತ್ತೇವೆ" ಎಂದರೆ ಮಾಡಿಸಿ, ಆದರೆ ಮೊದಲ ನಕಲನ್ನು ಅಳಿಸಬೇಡಿ.
3. ಎರಡು ಕಡೆ ಇಡಿ: ಒಂದು ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಊರಿನ ನೆಂಟರ ಮನೆಯಲ್ಲಿ.
4. ಕಡತದ ಹೆಸರಿನಲ್ಲಿ ಊರು, ವರ್ಷ, ಸಂದರ್ಭ ಬರೆಯಿರಿ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರು ಇರುವಾಗಲೇ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ.
5. ಡಿಸ್ಕ್‌ಗಳನ್ನು ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಒಣಗಿದ ತಂಪು ಜಾಗದಲ್ಲಿಡಿ.

ಡ್ರೈವ್ ಇರುವ ಕಂಪ್ಯೂಟರು ಸಿಗುವುದೇ ಈಗ ಕಷ್ಟವಾಗುತ್ತಿದೆ. ಬರುವ ಮಳೆಗಾಲಕ್ಕೆ ಮುಂಚೆ ಪ್ರತಿ ಶಾಖೆಯೂ ಒಂದು ದಿನ ಗೊತ್ತುಮಾಡಿ, ಸದಸ್ಯರ ಡಿಸ್ಕ್‌ಗಳನ್ನು ಒಟ್ಟಿಗೆ ನಕಲು ಮಾಡಿಕೊಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ